ಬೊಂಬಾಯಿ ಅಜ್ಜ ಹೇಳಿದ ಫೈನಲು

ಅದು ಆಟಿ ತಿಂಗಳೋ, ಸೋಣ ಹುಟ್ಟಿತ್ತೋ, ಈಗ ಸರಿಯಾಗಿ ನೆನಪಿಲ್ಲ. ಮಳೆಯಂತೂ ಹಿಡಿದು ಕೂತಿತ್ತು. ಕಾಪುವಿನ ದೀಪಸ್ತಂಭದ ಕಡೆಯಿಂದ ಕಡಲಿನ ಮೊರೆತ ಮನೆಯೊಳಗೇ ಕೇಳುತ್ತಿತ್ತು. ನಾವು ಮಕ್ಕಳು ಚೆಂಡು ಒದ್ದು ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಬಂದೆವು. ಬೈಗುಳ ಬೀಳುವ ಮೊದಲೇ ಚಾವಡಿಯಿಂದ ಬೊಂಬಾಯಿ ಅಜ್ಜ ಕರೆದರು: "ಕಾಲು ತೊಳೆದು ಬನ್ನಿ ಮಕ್ಕಳೇ. ಫುಟ್‌ಬಾಲ್ ಅಂದ್ರೆ ಎಂಥದು ಅಂತ ಹೇಳ್ತೇನೆ."

ಅಜ್ಜ ಎಳೆಯ ಪ್ರಾಯದಲ್ಲೇ ಬೊಂಬಾಯಿಯ ಹೋಟೆಲಿನಲ್ಲಿ ಲೋಟ ತೊಳೆಯಲು ಸೇರಿದವರು. ಹಲಸಿನ ಹಪ್ಪಳದ ಜೊತೆ ತೆಂಗಿನಕಾಯಿ ಚೂರು ಬೇಕೇ ಬೇಕು ಅವರಿಗೆ. ಚೂರು ಮುಗಿದರೆ ಹಪ್ಪಳವನ್ನೂ ಕೆಳಗಿಡುತ್ತಿದ್ದರು, ಕಥೆಯನ್ನೂ ನಿಲ್ಲಿಸುತ್ತಿದ್ದರು. ಅಜ್ಜಿ ಇನ್ನೊಂದು ಹೋಳು ತಂದಿಟ್ಟ ಮೇಲೆಯೇ ಮಾತು ಮುಂದೆ ಹೋಗುವುದು.

ಬೊಂಬಾಯಿಯ ರೋವರ್ಸ್ ಕಪ್ 1891ರಲ್ಲಿ ಶುರುವಾದದ್ದು. ವರ್ಷ ವರ್ಷವೂ ಗೆಲ್ಲುತ್ತಿದ್ದವರು ಬ್ರಿಟಿಷ್ ಪಲ್ಟನ್ನಿನವರು. 1911ರಲ್ಲಿ ಬಹುಪಾಲು ಬರಿಗಾಲಲ್ಲೇ ಆಡಿ ಕಲ್ಕತ್ತೆಯಲ್ಲಿ ಈಸ್ಟ್ ಯಾರ್ಕ್‌ಶೈರ್ ಪಲ್ಟನ್ನನ್ನು 2-1ರಿಂದ ಸೋಲಿಸಿದ ಮೋಹನ್ ಬಾಗಾನ್ ಕೂಡ 1923ರಲ್ಲಿ ಇಲ್ಲಿ ಫೈನಲಿಗೆ ಬಂದು ಸೋತಿತ್ತು. ಆ ಕಪ್ಪು 1937ರಲ್ಲಿ ಸಿಕ್ಕಿದ್ದು ಬೆಂಗಳೂರು ಮುಸ್ಲಿಮ್ಸ್ ತಂಡಕ್ಕೆ.

"ಎದುರಿಗೆ ಯಾರಿದ್ದರು ಗೊತ್ತುಂಟಾ?"

"ಪರಂಗಿಯವರು!" ಎಂದು ಕಿರುಚಿದೆವು.

"ಅಲ್ಲ ಮಗಾ. ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್. ಆಚೆಯೂ ನಮ್ಮವರೇ, ಈಚೆಯೂ ನಮ್ಮವರೇ. ಪರಂಗಿಯವರು ಹೊರಗೆ ಕೂತು ನೋಡಬೇಕು!"

ಅದೂ ಸಾಮಾನ್ಯ ತಂಡವಲ್ಲ. 1934ರಿಂದ ಕಲ್ಕತ್ತೆಯ ಲೀಗನ್ನು ಸಾಲಾಗಿ ಗೆಲ್ಲುತ್ತಿದ್ದವರು. ಆ ಲೀಗನ್ನು ಗೆದ್ದ ಮೊದಲ ಭಾರತೀಯ ತಂಡವೂ ಅವರದೇ.

ಅಜ್ಜ ಮೆರವಣಿಗೆಗೆ ಹೋದವರಲ್ಲ, ಜೈಲು ಕಂಡವರಲ್ಲ. ಆ ಫೈನಲಿನ ದಿನ ಮಾತ್ರ ಜನರ ನಡುವೆ ನಿಂತು ಗಂಟಲು ಹರಿಯುವಂತೆ ಕೂಗಿದ್ದರಂತೆ. ಸ್ವಾತಂತ್ರ್ಯದ ಚರಿತ್ರೆ ಬರೆಯುವವರು ಇಂಥ ಕೂಗನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ನಮ್ಮ ಕಾಪು ಆಗ ಮದರಾಸು ಪ್ರಾಂತ್ಯದ್ದು. ಬೆಂಗಳೂರನ್ನು ಅಜ್ಜ ಕಣ್ಣಲ್ಲೂ ಕಂಡಿರಲಿಲ್ಲ. ಆದರೂ ಗೆದ್ದವರು ಯಾರೆಂದು ಕೇಳಿದವರಿಗೆಲ್ಲ "ನಮ್ಮೂರಿನವರು" ಎಂದೇ ಹೇಳಿದರಂತೆ.

ಮರುವರ್ಷವೂ ಬೆಂಗಳೂರಿನವರೇ ಗೆದ್ದರು. ಆ ಸಲ ಅಜ್ಜನಿಗೆ ರಜೆ ಸಿಗಲಿಲ್ಲ, ಸುದ್ದಿ ತಂದವರು ಸಂಜೆಯ ಗಿರಾಕಿಯೊಬ್ಬರು. ಅವರ ತಟ್ಟೆಗೆ ಅಜ್ಜ ಒಂದು ಇಡ್ಲಿ ಹೆಚ್ಚಿಗೆ ಇಟ್ಟು, ದುಡ್ಡು ತನ್ನ ಸಂಬಳದಲ್ಲಿ ಹಿಡಿಯಿರಿ ಎಂದು ಧಣಿಗಳಿಗೆ ಹೇಳಿದರಂತೆ.