ಮಲ್ಹಾರ್ ಕೇಳಿದರೆ ಏನು ಕಾಣಿಸುತ್ತದೆ?

ಓದುವಾಗ ನಾವು ಮೂವರು ಒಂದೇ ರೂಮಿನಲ್ಲಿದ್ದೆವು. ರಾತ್ರಿ ದೀಪ ಆರಿಸಿ ಮೊಬೈಲಿನಲ್ಲಿ ಹಾಡು ಹಾಕುವುದು, ಮುಗಿದ ಮೇಲೆ ‘ನಿನಗೇನು ಕಾಣಿಸ್ತು?’ ಎಂದು ಕೇಳುವುದು ನಮ್ಮ ಆಟ. ಒಮ್ಮೆ ಭೀಮಸೇನ ಜೋಶಿಯವರ ಮಿಯಾಂ ಮಲ್ಹಾರ್ ಹಾಕಿದೆವು. ಅದು ಮಳೆಗಾಲದ ರಾಗ. ಕೆಳಗಿನ ಸ್ಥಾಯಿಯಲ್ಲಿ ಎರಡೂ ನಿಷಾದಗಳು ಅಕ್ಕಪಕ್ಕ ಬಂದಾಗ ದೂರದಲ್ಲೆಲ್ಲೋ ಗುಡುಗು ಉರುಳಿದಂತಾಯಿತು.

ನಮ್ಮಲ್ಲಿ ಮಲೆನಾಡಿನವನಿಗೆ ಅಡಿಕೆ ತೋಟದ ಮೇಲೆ ಇಳಿದ ಮಂಜು ಕಂಡಿತು. ಕರಾವಳಿಯವನಿಗೆ ದಡಕ್ಕೆಳೆದ ದೋಣಿಗಳು. ಮೂರನೆಯವನು ಜೋಶಿಯವರು ಹುಟ್ಟಿದ ಗದಗ ಸೀಮೆಯವನೇ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಬೀಜದ ಚೀಲದ ಮ್ಯಾಲ ಕುಂತು ಅಪ್ಪ ಮುಗಿಲು ನೋಡಾಕತ್ತಿದ್ದ. ಆ ವರ್ಷ ಮೋಡ ಬಂತು, ಮಳಿ ಬರಲಿಲ್ಲ’ ಅಂದ. ಆ ರಾತ್ರಿ ಮತ್ತೆ ಹಾಡು ಹಾಕಲಿಲ್ಲ.

ಮುಂದೆ ಲೈಬ್ರರಿಯಲ್ಲಿ ರಾಗಮಾಲಾ ಚಿತ್ರಗಳ ಪುಸ್ತಕ ಸಿಕ್ಕಿತು. 16ನೇ ಶತಮಾನದಿಂದ 19ನೇ ಶತಮಾನದವರೆಗೆ ರಾಜಸ್ಥಾನ, ಪಹಾಡಿ, ದಖ್ಖನ್ ಕಲಾವಿದರು ರಾಗಗಳನ್ನೇ ಚಿತ್ರವಾಗಿ ಬರೆದಿದ್ದರು. ಮಳೆಯದೇ ಮತ್ತೊಂದು ರಾಗವಾದ ಮೇಘದ ಚಿತ್ರದಲ್ಲಿ ಕಪ್ಪು ಮೋಡದ ಕೆಳಗೆ ಕೃಷ್ಣ ಕುಣಿಯುತ್ತಿದ್ದ. ಚೆಂದದ ಚಿತ್ರ. ಆದರೆ ನಾವು ಮೂವರೂ ಹುಡುಕಿದ್ದು ಚೀಲದ ಮೇಲೆ ಕುಂತ ಅಪ್ಪನನ್ನು.

ರಾಗ ಮೋಡವನ್ನಷ್ಟೇ ತರುತ್ತದೆ. ಅದರ ಕೆಳಗೆ ಯಾರು ನಿಂತಿದ್ದಾರೆ ಎನ್ನುವುದು ನಮ್ಮ ನಮ್ಮ ಊರಿನಿಂದ ಬರುತ್ತದೆ.

ಈಗ ಬೇರೆ ಬೇರೆ ಊರುಗಳಲ್ಲಿ ವರದಿ ಮಾಡುತ್ತೇವೆ. ‘ಮುಂಗಾರು ವಿಳಂಬ’ ಎಂದು ಟೈಪಿಸುವಾಗ ಆ ಆಲಾಪ ಕಿವಿಯಲ್ಲಿ ಏಳುತ್ತದೆ. ಕೊರತೆ ಎಷ್ಟು ಮಿಲಿಮೀಟರ್ ಎಂದು ಬರೆಯುವ ಮೊದಲು ಒಂದು ಹೊಲಕ್ಕಾದರೂ ಹೋಗಿ ಬರುತ್ತೇವೆ.