ದೇವರ ಕೋಣೆ ಇಲ್ಲದ ಮನೆ

ನಮ್ಮನೇಲಿ ದೇವರ ಕೋಣೆ ಇಲ್ಲ. ಮನೆ ಕಟ್ಟುವಾಗ ಗಾರೆಯವರು "ದೇವ್ರ ಮನೆ ಎಲ್ಲಿ ಬರ್ಲಿ?" ಅಂತ ಕೇಳಿದ್ರಂತೆ. ಅಪ್ಪ ಆ ಮೂಲೇಲಿ ಒಂದು ಬೀರು ಇಡಿಸಿದರು. ಅದರೊಳಗೆ ಪುಸ್ತಕ, ಪಹಣಿ, ಸೊಸೈಟಿ ಸಾಲದ ಚೀಟಿ, ಬಿತ್ತನೆ ಬೀಜ. ಮಂಡ್ಯ ಸೀಮೆಯ ಒಂದು ಸಣ್ಣ ಊರಲ್ಲಿ, ಹಿಂಗಿರೋ ಮನೇಲಿ ಬೆಳೆದವಳು ನಾನು.

ಕಾಲೇಜಿಗೆ ಹೋದಾಗ ಗೆಳತಿಯರು ಕೇಳೋರು: "ದೇವ್ರಿಲ್ದೆ ಹೆಂಗೆ ಬೆಳೆದೆ?" ತಾಯಿ ಇಲ್ಲದ ಮಗೂನ ಕೇಳೋ ಥರ ಕೇಳೋರು. ಉತ್ತರ ಹೇಳೋಕೆ ನನಗೆ ಇಷ್ಟು ವರ್ಷ ಬೇಕಾಯ್ತು.

ಅಪ್ಪ ಹಸಿರು ಶಾಲು ಹೊದ್ದು ರೈತ ಸಂಘದಲ್ಲಿ ಓಡಾಡಿದವರು. ಪ್ರೊಫೆಸರ್ ನಂಜುಂಡಸ್ವಾಮಿ ಅವರ ಭಾಷಣ ಇದೆ ಅಂದ್ರೆ ಕಬ್ಬಿನ ಕಟಾವು ಬಿಟ್ಟು ಹೊರಡೋರು. ಅಪ್ಪ ಅವ್ವನ ಮದುವೆ ಆಗಿದ್ದು ಮಂತ್ರ ಮಾಂಗಲ್ಯದಲ್ಲಿ. ಕುವೆಂಪು ಅವರು 1966ರಲ್ಲಿ ಮಗ ತೇಜಸ್ವಿ ಮದುವೆಯನ್ನ ಮಾಡಿದ ರೀತಿ ಅದು. ಅದೇನೂ ದೇವರೇ ಬೇಡ ಅನ್ನೋ ಮದುವೆ ಅಲ್ಲ. ಪುರೋಹಿತರು, ಮುಹೂರ್ತ, ವರದಕ್ಷಿಣೆ, ಸಾಲ ಮಾಡಿ ಹಾಕೋ ಊಟ ಬೇಡ ಅನ್ನೋ ಮದುವೆ. ರೈತ ಸಂಘದವರು ಅದನ್ನ ಹಳ್ಳಿಗಳಿಗೆ ತಂದರು. ಅಪ್ಪ ಅಲ್ಲಿಂದ ಇನ್ನೊಂದು ಹೆಜ್ಜೆ ಮುಂದಕ್ಕೆ ಹೋಗಿ ದೇವರನ್ನೂ ಬಿಟ್ಟರು.

ಅಜ್ಜಿ ಮಾತ್ರ ಬಿಡಲಿಲ್ಲ. ಅಜ್ಜಿಯ ಟ್ರಂಕಿನಲ್ಲಿ ಸೀರೆ ಮಡಿಕೆಯ ಕೆಳಗೆ ಮಾದಪ್ಪನ ಫೋಟೋ ಇತ್ತು. ಸೋಮವಾರ ಅದನ್ನ ಹೊರಗೆ ತೆಗೆದು, ಒಂದು ಹೂವಿಟ್ಟು, ಕೈಮುಗಿದು ಮತ್ತೆ ಒಳಗಿಡೋದು. ಅಪ್ಪ ಒಂದು ದಿನಾನೂ ಅದರ ಬಗ್ಗೆ ಮಾತೆತ್ತಲಿಲ್ಲ. ಅಜ್ಜಿ ಬೆಟ್ಟಕ್ಕೆ ಹೊರಟಾಗ ಬಸ್ ಚಾರ್ಜ್ ಕೊಟ್ಟು ಕಳಿಸೋರೂ ಅವರೇ. "ಅವ್ವನ ದೇವ್ರು ಅವ್ವಂದು" ಅನ್ನೋರು.

ಹಬ್ಬ ನಮಗೇನೂ ಕಮ್ಮಿ ಇರಲಿಲ್ಲ. ಸಂಕ್ರಾಂತಿಗೆ ದನ ತೊಳೆದು, ಕೊಂಬಿಗೆ ಬಣ್ಣ ಬಳಿದು ಕಿಚ್ಚು ಹಾಯಿಸ್ತಿದ್ವಿ. ಯುಗಾದಿಗೆ ಒಬ್ಬಟ್ಟು, ಮಾರನೇ ದಿನ ಹೊಸತೊಡಕಿಗೆ ಬಾಡು. ಪೂಜೆ ಒಂದು ಇರಲಿಲ್ಲ ಅಷ್ಟೆ. ಕಷ್ಟ ಆಗ್ತಿದ್ದಿದ್ದು ಪರೀಕ್ಷೆ ಹತ್ತಿರ ಬಂದಾಗ. ಎಸ್ಸೆಸ್ಸೆಲ್ಸಿ ಟೈಮಲ್ಲಿ ಎಲ್ಲರೂ ಮಾರಮ್ಮನಿಗೆ ಹರಕೆ ಕಟ್ಟಿಕೊಂಡರು. ನನಗೆ ಕೇಳ್ಕೊಳ್ಳೋಕೆ ಯಾರೂ ಇರಲಿಲ್ಲ. ರಾತ್ರಿ ಲೆಕ್ಕ ಬಿಡಿಸ್ತಾ ಕೂತಾಗ ಹೊಟ್ಟೇಲಿ ಏನೋ ಖಾಲಿ ಅನ್ನಿಸೋದು. ಅವ್ವ ಕಾಫಿ ತಂದು ಪಕ್ಕದಲ್ಲಿ ಕೂರೋರು. ಅವರಿಗೆ ಲೆಕ್ಕ ಬರ್ತಿರಲಿಲ್ಲ. ಸುಮ್ಮನೆ ಕೂರೋರು.

ದೇವರನ್ನ ನಂಬದ ಮಕ್ಕಳು ಪ್ರಪಂಚದಲ್ಲಿ ನಾನೊಬ್ಬಳೇ ಅಲ್ಲ ಅಂತ ಆಮೇಲೆ ಓದಿ ತಿಳಿದೆ. ಚೆಕ್ ದೇಶ, ಎಸ್ಟೋನಿಯಾ ಕಡೆ ಇದು ಸುದ್ದೀನೇ ಅಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2021ರ ಜನಗಣತಿ ಮಾಡಿದಾಗ ನೂರಕ್ಕೆ 37 ಜನ "ಯಾವ ಧರ್ಮವೂ ಇಲ್ಲ" ಅಂತ ಬರೆಸಿದರು. ಅಲ್ಲಿ ಭಾನುವಾರ ಚರ್ಚಿಗೆ ಹೋಗೋದು ಬಿಟ್ಟರೆ ಮುಗೀತು, ಯಾರೂ ಯಾಕೆ ಅಂತ ಕೇಳಲ್ಲ.

ನಮ್ಮಲ್ಲಿ ಹಂಗಲ್ಲ. ಇಲ್ಲಿ ದೇವರು ಅಂದ್ರೆ ನಂಬಿಕೆ ಅಷ್ಟೇ ಅಲ್ಲ, ಊರಿನ ಲೆಕ್ಕಾಚಾರ. ಜಾತ್ರೇಲಿ ತೇರಿನ ಹಗ್ಗ ಯಾರು ಹಿಡೀಬೇಕು, ತಮಟೆ ಯಾರು ಬಡೀಬೇಕು, ಯಾರು ಗುಡಿ ಒಳಗೆ, ಯಾರು ಹೊರಗೆ, ಎಲ್ಲಾ ಅದರಲ್ಲೇ ಬರೆದಿದೆ. ಅದಕ್ಕೇ ಏನೋ, ಸೆಕ್ಯುಲರ್ ಅನ್ನೋ ಪದಕ್ಕೆ ನಾವು ಕನ್ನಡದಲ್ಲಿ "ಜಾತ್ಯತೀತ" ಅಂತೀವಿ. ಪಕ್ಷದ ಹೆಸರಲ್ಲೇ ಇರೋದ್ರಿಂದ ನಮ್ಮ ಜಿಲ್ಲೇಲಿ ಸಣ್ಣ ಮಕ್ಕಳಿಗೂ ಆ ಪದ ಗೊತ್ತು. ಬಿಡಿಸಿ ನೋಡಿದ್ರೆ ಅದರಲ್ಲಿ ದೇವರೂ ಇಲ್ಲ, ಧರ್ಮವೂ ಇಲ್ಲ. ಇರೋದು ಜಾತಿ.

ಊರಿನವರೂ ನನ್ನನ್ನ ಹಂಗೇ ಕೇಳ್ತಿದ್ರು. "ದೇವ್ರಿಲ್ಲ ಅಂತಾನಂತಲ್ಲಾ ನಿಮ್ಮಪ್ಪ?" ಅಂತ ನಗೋರು. ಅದು ಅವರಿಗೆ ಒಬ್ಬ ಮನುಷ್ಯನ ತಿಕ್ಕಲು. ಆದರೆ ನೆಂಟರ ಊರಿಗೆ ಹೋದರೆ ಮೊದಲನೇ ಪ್ರಶ್ನೆ: "ನೀವು ಯಾವ ಜನ?" ಅದಕ್ಕೆ "ಯಾವುದೂ ಇಲ್ಲ" ಅಂದ್ರೆ ಯಾರೂ ನಗ್ತಿರಲಿಲ್ಲ. ಮಾತೇ ನಿಂತು ಹೋಗೋದು.

ಹೈಸ್ಕೂಲಲ್ಲಿ ನನ್ನ ಪಕ್ಕ ಕೂರ್ತಿದ್ದ ಗೆಳತಿ ಕಾಲೊನಿಯವಳು. ಪಿಯುಸಿಗೆ ಅರ್ಜಿ ತುಂಬುವಾಗ ನಾನು ಧರ್ಮ, ಜಾತಿ ಎರಡೂ ಕಾಲಂಗೆ ಗೆರೆ ಎಳೆದೆ. ಅವಳು ನೋಡಿ ಅಂದಳು: "ನೀನು ಬುಟ್ರೆ ಬುಟ್ಟಂಗೆ ಕಣೆ. ನಾನು ಬುಟ್ಟೆ ಅಂದ್ರೂ ಊರು ಬುಡಲ್ಲ."

ಅವಳು ಹೇಳಿದ್ದು ಎಷ್ಟು ನಿಜ ಅನ್ನೋದು ಪತ್ರಿಕೋದ್ಯಮ ಓದುವಾಗ ಗೊತ್ತಾಯ್ತು. ಸಂವಿಧಾನದ 25ನೇ ವಿಧಿ ಎಲ್ಲರಿಗೂ ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿದೆ. ನಂಬೋದೂ ಹಕ್ಕು, ನಂಬದೇ ಇರೋದೂ ಹಕ್ಕು. ಆದರೆ ಪರಿಶಿಷ್ಟ ಜಾತಿ ಯಾರು ಅಂತ ಹೇಳೋ 1950ರ ರಾಷ್ಟ್ರಪತಿ ಆದೇಶ ಮೊದಲು ಹಿಂದೂಗಳ ಮಟ್ಟಿಗೆ ಇತ್ತು. ಕೆಲವು ಸಿಖ್ ಜಾತಿಗಳಷ್ಟೇ ಅದರಲ್ಲಿ ಸೇರಿದ್ದವು. 1956ರಲ್ಲಿ ಉಳಿದ ಸಿಖ್ಖರನ್ನೂ, 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ಆ ಮೂರು ಬಿಟ್ಟು ಬೇರೆ ಧರ್ಮದವರನ್ನ ಅದು ಪರಿಶಿಷ್ಟ ಜಾತಿ ಅಂತ ಒಪ್ಪಲ್ಲ. "ನನಗೆ ಧರ್ಮ ಇಲ್ಲ" ಅಂತ ನಾನು ಬರೆದರೆ ನನಗೇನೂ ನಷ್ಟ ಇಲ್ಲ. ಅದನ್ನೇ ಅವಳು ಬರೆಯೋಕೆ ಮೊದಲು ಸೀಟು, ಸ್ಕಾಲರ್‌ಶಿಪ್ ಎಲ್ಲಾ ಯೋಚನೆ ಮಾಡಬೇಕು. ಊರಲ್ಲಿ ಅವಳು ಕುಡಿಯೋ ಲೋಟ ಮಾತ್ರ ಬದಲಾಗಲ್ಲ.

ನಾನು ಡಿಗ್ರೀಲಿ ಇದ್ದಾಗ ಅಜ್ಜಿ ತೀರಿಕೊಂಡರು. ಸಾಯೋ ಮುಂಚೆ ಅಪ್ಪನ ಕೈ ಹಿಡಿದು ಹೇಳಿದ್ದರು: "ನನ್ನ ತಿಥಿ ಸರ್ಯಾಗಿ ಮಾಡ್ಬೇಕು ಕಣ್ಲಾ ಮಗ." ಊರೆಲ್ಲಾ ಕಾಯ್ತಿತ್ತು, ಈಗ ನಾಸ್ತಿಕ ಏನ್ ಮಾಡ್ತಾನೆ ಅಂತ. "ಹೆತ್ತವ್ವನ್ನ ಅನಾಥ ಹೆಣ ಮಾಡ್ತಾನೆ" ಅಂತ ದೊಡ್ಡಪ್ಪ ಅಂಗಡಿ ಮುಂದೆ ನಿಂತು ಹೇಳಿದ್ದು ನಮ್ಮ ಕಿವಿಗೂ ಬಿತ್ತು.

ಅಪ್ಪ ತಿಥಿ ಮಾಡಿದರು. ಹನ್ನೊಂದನೇ ದಿನ ಗುಣಿ ಹತ್ತಿರ ಎಡೆ ಇಟ್ಟರು, ತಲೆ ಬೋಳಿಸಿಕೊಂಡರು. "ನೀನು ನಂಬಲ್ಲ ಅಲ್ವಾ?" ಅಂತ ಕೇಳಿದೆ. "ಸತ್ತಿರೋದು ನಾನಲ್ಲ, ಅವ್ವ. ಅವಳು ನಂಬಿದ್ಲು" ಅಂದರು.

ಊಟಕ್ಕೆ ಕರೆದಾಗ ಅಪ್ಪ ಒಂದೇ ಮಾತು ಹೇಳಿದರು: "ಅವ್ವನ ಗುಣಿ ತೋಡ್ದೋರು, ತಮಟೆ ಬಡ್ದೋರು ಮೊದಲನೇ ಪಂತೀಲಿ ಕೂರ್ಲಿ. ನೆಂಟರು ಜೊತೇಲಿ ಕೂತ್ಕಳಿ." ಎಂದೂ ಕೊನೇಲಿ, ಹೊರಗೆ, ಪಾತ್ರೇಲಿ ಸಾರು ಹುಯ್ಯಿಸಿಕೊಂಡು ಹೋಗ್ತಿದ್ದವರು ಅವರು. ದೊಡ್ಡಪ್ಪ ಎಲೆ ಮುಂದಿಂದ ಎದ್ದರು. ಅವರ ಹಿಂದೆ ಒಂದಿಪ್ಪತ್ತು ಜನ ಎದ್ದರು. ದೇವರಿಲ್ಲ ಅಂದಾಗ ಬೈದುಕೊಂಡಾದರೂ ಮನೆಗೆ ಬರ್ತಿದ್ದವರು ಅವತ್ತಿಂದ ಬರೋದು ನಿಲ್ಲಿಸಿದರು. ನನ್ನ ಮದುವೆ ಮಾತು ಎರಡು ಕಡೆ ಮುರಿದಿದ್ದೂ ಅದೇ ಊಟದ ದೆಸೆಯಿಂದ.

ನಾನು ಅವತ್ತು ಅಪ್ಪನ ಬಗ್ಗೆ ಹೆಮ್ಮೆ ಪಡ್ತಾ ನಿಂತಿದ್ದೆ. ಸಂಜೆ ಗೆಳತಿ ಸಿಕ್ಕಿ ಹೇಳಿದಳು: "ನಮ್ಮಪ್ಪ ಒಂದ್ ತುತ್ತೂ ತಿನ್ನಲಿಲ್ಲ ಕಣೆ. ಮುದ್ದೆ ಮುಟ್ಟಿ ಕೂತಿದ್ದ. ನಾಳೆ ಯಾರು ಕೂಲಿ ಕರೀತಾರೋ ಅಂತ ಭಯ." ಮುಂದಿನ ಆಲೆಮನೆ ಕಾಲದಲ್ಲಿ ಅವರನ್ನ ನಮ್ಮ ಗದ್ದೆ ಬಿಟ್ಟು ಇನ್ನು ಮೂರು ಮನೆಯವರು ಕರೆದರು. ಉಳಿದವರು ಕರೀಲಿಲ್ಲ.

2027ರ ಜನಗಣತೀಲಿ ಈ ಸಲ ಎಲ್ಲರ ಜಾತೀನೂ ಬರೆದುಕೊಳ್ತಾರೆ. ಏನು ಬರೆಸೋದು ಅಂತ ಮೊನ್ನೆ ಅಪ್ಪನ ಕೇಳಿದೆ. ಎರಡಕ್ಕೂ "ಇಲ್ಲ" ಅಂತಾರೆ ಅಂದುಕೊಂಡಿದ್ದೆ.

"ಧರ್ಮ ಇಲ್ಲ ಅಂತ ಬರ್ಸು. ಅದು ನನ್ನ ಕೈಲಿತ್ತು, ಬುಟ್ಟಿದೀನಿ" ಅಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಜಾತಿ ಬರ್ಸು. ಈ ಮೂರೆಕ್ರೆ ಗದ್ದೆ ನಮ್ಮ ತಾತಂಗೆ ಬಂದಿದ್ದು ಅದ್ರಿಂದ. ಗದ್ದೆ ಇಟ್ಕಂಡು ಜಾತಿ ಇಲ್ಲ ಅಂದ್ರೆ ಸುಳ್ಳಾಯ್ತದೆ" ಅಂದರು.