ನೆಟ್‌ವರ್ಕ್ ಇಲ್ಲದಲ್ಲಿ ನೀಲಿ ಚುಕ್ಕಿ

ನಕ್ಷೆಯ ಮೇಲೆ ಸೌಪರ್ಣಿಕೆಯ ಹಿಂದೆ ಹಿಂದೆ ಬೆರಳು ಎಳೆಯುತ್ತ ಹೋಗುವುದು ನನಗೆ ಬಲು ಇಷ್ಟ. ಕೊಲ್ಲೂರಿನ ಕಾಡು ದಾಟಿ ಪಡುವಣಕ್ಕೆ ಬಂದ ಹೊಳೆ ಮರವಂತೆಯಲ್ಲಿ ಕಡಲಿಗೆ ಒಂದು ಹೆದ್ದಾರಿಯಷ್ಟು ಹತ್ತಿರ ಬಂದೂ ಸೇರುವುದಿಲ್ಲ. ಅಲ್ಲಿಂದ ತೆಂಕಕ್ಕೆ ತಿರುಗಿ, ತೀರದ ಪಕ್ಕದಲ್ಲೇ ಮೈಲುಗಟ್ಟಲೆ ಹರಿದು, ಗಂಗೊಳ್ಳಿ ಅಳಿವೆಯಲ್ಲಿ ವಾರಾಹಿ, ಚಕ್ರಾ ಮೊದಲಾದ ಹೊಳೆಗಳ ಜೊತೆಗೂಡಿಯೇ ಕಡಲಿಗಿಳಿಯುತ್ತದೆ. ಕುಂದಾಪುರದಿಂದ ಬೈಂದೂರಿಗೆ ಬಸ್ಸು ಹತ್ತಿದರೆ ರಾಷ್ಟ್ರೀಯ ಹೆದ್ದಾರಿ 66 ಒಂದು ಸಪೂರ ಗೆರೆ, ಅದರ ಎಡಬಲಕ್ಕೆ ನೀರು, ನಡುವೆ ನಾನಿರುವ ನೀಲಿ ಚುಕ್ಕಿ. ಡೇಟಾ ಬಂದ್ ಮಾಡಿದ್ದರೂ ಚುಕ್ಕಿ ಬಡಗಕ್ಕೆ ಸರಿಯುತ್ತಲೇ ಇರುತ್ತದೆ.

ನೆಟ್ ಇಲ್ಲದಿದ್ದರೆ ನಕ್ಷೆಯೂ ಇಲ್ಲ ಎಂದುಕೊಂಡವರೇ ಹೆಚ್ಚು. ಆದರೆ ಜಿಪಿಎಸ್‌ಗೆ ಇಂಟರ್ನೆಟ್ಟಿನ ಹಂಗಿಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಸಮಯವನ್ನೂ ತಾವಿರುವ ಜಾಗವನ್ನೂ ಆಕಾಶವಾಣಿಯ ಹಾಗೆ ಸಾರುತ್ತಲೇ ಇರುತ್ತವೆ; ಯಾರು ಕೇಳುತ್ತಿದ್ದಾರೆಂಬುದು ಅವಕ್ಕೆ ತಿಳಿಯುವುದಿಲ್ಲ. ಫೋನು ಬರೀ ಕಿವಿಗೊಡುತ್ತದೆ. ಎಲ್ಲಿ ಹೋದೆ, ಎಲ್ಲಿ ನಿಂತೆ ಎಂದು ಯಾರಿಗೂ ವರದಿ ಒಪ್ಪಿಸದೆ ದಾರಿ ತೋರುವ ಈ ಗುಣವೇ ನನ್ನನ್ನು ಮೊದಲು ಸೆಳೆದದ್ದು. ಲೆಕ್ಕವೂ ಚೆಂದ: ಗಡಿಯಾರ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೆ ದೂರದಲ್ಲಿ 300 ಮೀಟರ್ ವ್ಯತ್ಯಾಸ. ಮರವಂತೆಯಲ್ಲಾದರೆ ರಸ್ತೆಯ ಮೇಲಿದ್ದವನನ್ನು ಕಡಲಿಗಿಳಿಸಲು ಅಷ್ಟು ಸಾಕು. ಫೋನಿನ ಗಡಿಯಾರ ಅಷ್ಟು ನಿಖರವಲ್ಲದ್ದರಿಂದಲೇ ಮೂರು ಉಪಗ್ರಹ ಸಾಲದೆ ನಾಲ್ಕನೆಯದು ಬೇಕಾಗುತ್ತದೆ.

ಕೊಲ್ಲೂರು ದಾಟಿ ನಾಗೋಡಿ ಘಾಟಿಯ ಕಡೆ ಹೋದರೆ ಈ ಕಿವಿಗೊಡುವಿಕೆಯನ್ನು ಕಣ್ಣಾರೆ ನೋಡಬಹುದು. ಒಂದೊಂದು ಉಪಗ್ರಹವೂ ತನ್ನ ಠಾವು ಹೇಳುವುದು ಬಹಳ ನಿಧಾನ, ಸೆಕೆಂಡಿಗೆ 50 ಬಿಟ್. ಒಂದು ಸುತ್ತು ಹೇಳಿ ಮುಗಿಸಲು 30 ಸೆಕೆಂಡು. ನೆಟ್ ಇದ್ದರೆ ಫೋನು ಆ ಮಾಹಿತಿಯನ್ನು ಬೇರೆ ಕಡೆಯಿಂದ ತರಿಸಿಕೊಂಡು ಬೇಗ ಮುಗಿಸುತ್ತದೆ, ಇಲ್ಲದಿದ್ದರೆ ಪೂರ್ತಿ ಕೇಳಬೇಕು. ನಡುವೆ ಮಳೆಯಲ್ಲಿ ನೆನೆದ ಎಲೆಗಳ ದಟ್ಟಣೆ ಅಡ್ಡ ಬಂದರೆ ಮತ್ತೆ ಮೊದಲಿನಿಂದ. ಮರಗಳ ಸಂದಿಯಲ್ಲಿ ತುಸು ಆಕಾಶ ಕಂಡಲ್ಲಿ ನಿಂತು ಫೋನನ್ನು ಅಂಗೈಯಲ್ಲಿಟ್ಟುಕೊಳ್ಳುತ್ತೇನೆ. ಉಪಗ್ರಹಗಳನ್ನು ತೋರಿಸುವ ಆ್ಯಪಿನ ಪಟ್ಟಿಯಲ್ಲಿ ಬೂದು ಗೆರೆಗಳು ಒಂದೊಂದಾಗಿ ಹಸಿರಾಗುತ್ತವೆ. ಪಕ್ಕದಲ್ಲಿ ಆಯಾ ದೇಶದ ಬಾವುಟ. 2013ರ ಜುಲೈ 1ರಂದು ಮೊದಲ ಉಪಗ್ರಹ ಹಾರಿದ, ಜಿಪಿಎಸ್‌ನಂಥದೇ ಆದ ನಮ್ಮ ನಾವಿಕ್‌ನ ತ್ರಿವರ್ಣವೂ ಅಲ್ಲಿ ಕಂಡರೆ ಮನಸ್ಸು ಅರಳುತ್ತದೆ. ನಕ್ಷೆಗೆ ಮರಳಿದರೆ ಚುಕ್ಕಿಯ ಸುತ್ತಲಿನ ಅಗಲವಾದ ವೃತ್ತ ಕುಗ್ಗುತ್ತ, ಕುಗ್ಗುತ್ತ, ನಾನು ನಿಂತ ತಿರುವಿಗೇ ಬಂದು ಕೂರುತ್ತದೆ. ಎಷ್ಟು ಸಲ ನೋಡಿದರೂ ಇದು ನನಗೆ ಹಳತಾಗಿಲ್ಲ.

ಆದರೆ ಉಪಗ್ರಹಗಳ ಮಾತು ಕೇಳಿ ಫೋನು ಲೆಕ್ಕ ಹಾಕುವುದು ಅಕ್ಷಾಂಶ, ರೇಖಾಂಶ, ಎತ್ತರ ಇಷ್ಟನ್ನೇ. ಊರು ಎಲ್ಲಿಂದ ಬರಬೇಕು? ಮನೆಯಲ್ಲೇ ಇಳಿಸಿಟ್ಟುಕೊಂಡ ನಕ್ಷೆಯಿಂದ. ಆರ್ಗ್ಯಾನಿಕ್ ಮ್ಯಾಪ್ಸ್, ಓಸ್ಮ್ಯಾಂಡ್ ಎಂಬ ಎರಡು ಆ್ಯಪ್‌ಗಳಿಗೂ ಆಧಾರ ಓಪನ್‌ಸ್ಟ್ರೀಟ್‌ಮ್ಯಾಪ್. ಸ್ಟೀವ್ ಕೋಸ್ಟ್ ಎಂಬಾತ 2004ರಲ್ಲಿ ಇಂಗ್ಲೆಂಡಿನಲ್ಲಿ ಶುರು ಮಾಡಿದ್ದು. ಯಾರು ಬೇಕಾದರೂ ತಮಗೆ ಗೊತ್ತಿರುವುದನ್ನು ಸೇರಿಸಬಹುದು, ಕನ್ನಡದಲ್ಲೇ ಹೆಸರು ಬರೆಯಬಹುದು. ನಮ್ಮ ಸೀಮೆಗೆ ಇದರ ಅಗತ್ಯ ಬಹಳ. ಇಲ್ಲಿನ ಹೊಳೆಗಳ ತುಂಬ ಕುದ್ರುಗಳಿವೆ, ಅಂದರೆ ನಡುಗಡ್ಡೆಗಳು: ಬಬ್ಬುಕುದ್ರು, ಕನ್ನಡಕುದ್ರು, ಯಕ್ಷಗಾನ ಗೊಂಬೆಯಾಟದ ಉಪ್ಪಿನಕುದ್ರು. ಬ್ರಹ್ಮಾವರ ಬದಿಯ ಬಾರ್ಕೂರಿಗೆ ಹೋದರೆ ಆಳುಪರ ರಾಜಧಾನಿಯ ಕೇರಿಗಳು ಇಂದಿಗೂ ಹೆಸರು ಉಳಿಸಿಕೊಂಡಿವೆ: ಮೂಡುಕೇರಿ, ಕೋಟೆಕೇರಿ, ಮಣಿಗಾರಕೇರಿ, ಚೌಳಿಕೇರಿ. ಇವು ಗದ್ದೆ, ತೋಟಗಳ ನಡುವೆ ಹಂಚಿಹೋದ ಹೆಸರುಗಳು. ಆಕಾಶದಿಂದ ತೆಗೆದ ಚಿತ್ರದಲ್ಲಿ ಬರೀ ಹಸಿರು ಕಾಣುತ್ತದೆ.

ಆದ್ದರಿಂದ ನಡೆಯಬೇಕು, ಕೇಳಬೇಕು. ಏರೋಪ್ಲೇನ್ ಮೋಡ್ ಹಾಕಿ ಹೆಜ್ಜೆಗುರುತು ದಾಖಲಿಸಲು ಹಚ್ಚಿದರೆ ಬ್ಯಾಟರಿಯೂ ಬಾಳುತ್ತದೆ, ಕರೆಗಳ ಕಾಟವೂ ಇಲ್ಲ. ಬೈಂದೂರಿನ ಒಳನಾಡಿನಲ್ಲಿ ತೊರೆಗೆ ಅಡ್ಡಲಾಗಿ ಅಡಿಕೆ ಮರ ಹಾಸಿದ ಒಂದು ಕಾಲುಸಂಕ ಸಿಕ್ಕಿತು. ನಕ್ಷೆಯಲ್ಲಿ ತೊರೆಯಿತ್ತು, ಸಂಕವಿರಲಿಲ್ಲ. ಗುರುತು ಹಾಕುತ್ತಿದ್ದಾಗ ಸೊಪ್ಪಿನ ಹೊರೆ ಹೊತ್ತು ಬಂದ ಹಿರಿಯರೊಬ್ಬರು ನಿಂತು ಹೇಳಿದರು: “ಮಳ್ಗಾಲ್ದಗೆ ಆ ಬದಿ ಹೋಪ್ಕ್ ಆತಿಲ್ಲೆ ಮಾರಾಯ್ರೆ, ಸಂಕ ಮುಳ್ಗತ್ತ್.” ಆಮೇಲೆ ಹಾಡಿಯ ಅಂಚಿನ ಸುತ್ತುದಾರಿಯನ್ನು ಕೈಚಾಚಿ ತೋರಿಸಿದರು. ಯಾವ ಉಪಗ್ರಹಕ್ಕೂ ತಿಳಿಯದ ಮಾತು ಅದು. ಅವರು ತೋರಿಸಿದ ದಾರಿಯಲ್ಲೇ ನಡೆದು ಅದನ್ನೂ ದಾಖಲಿಸಿಕೊಂಡೆ. ಮನೆಗೆ ಬಂದು ನೆಟ್ ಹಚ್ಚಿ ಸಂಕವನ್ನೂ ಸುತ್ತುದಾರಿಯನ್ನೂ ಏರಿಸಿದೆ. ಮಳೆಗಾಲದ ಎಚ್ಚರಿಕೆಯನ್ನೂ ಬರೆದೆ. ಇನ್ನು ಹೊಸ ನಕ್ಷೆ ಇಳಿಸಿಕೊಂಡವರ ಫೋನಿನಲ್ಲಿ ಅದು ಇರುತ್ತದೆ. ಅಮಾಸೆಬೈಲು ಕಡೆಯ ಕಾಲುದಾರಿಗಳು ಬಾಕಿ ಇವೆ. ಮಳೆ ಬಿಟ್ಟ ಕೂಡಲೇ ಅತ್ತ ಹೊರಡಬೇಕು.